ನಾಲ್ಕು ಬೆರಳಿನ ಎತ್ತರ
ಯಲ್ಲದಕೆರೆಯಾಚೆಯ ಹಟ್ಟಿಯಲ್ಲಿ ಪಿಕಪ್ ಇಟ್ಟವನು ಚಿತ್ತಪ್ಪ ಒಬ್ಬನೇ. ಅದಕ್ಕೆ ಹೆದರುವವನೂ ಅವನೊಬ್ಬನೇ. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಮಿಲಿಟರಿ ಹರಾಜಿನಲ್ಲಿ ಕೊಂಡ ಗಾಡಿ. ದಾರಿಯ ಹಳ್ಳದಲ್ಲಿರುವ ಬಂಡೆಗೆ ಅದರ ಹೊಟ್ಟೆ ಉಜ್ಜಿದರೆ ಇವನು ತನ್ನ ಹೊಟ್ಟೆ ಹಿಡಿದುಕೊಳ್ಳುತ್ತಾನೆ. ಸ್ಪ್ರಿಂಗಿಗೆ ಎರಡು ಪಟ್ಟಿ ಸೇರಿಸಿ ನಾಲ್ಕು ಬೆರಳು ಎತ್ತರಿಸೋಣವೆಂದು ಹಿರಿಯೂರಿನ ಗ್ಯಾರೇಜ್ ಮೇಸ್ತ್ರಿ ವರ್ಷದಿಂದ ಹೇಳುತ್ತಿದ್ದಾನೆ. "ಎತ್ತರ ಮಾಡಿದ್ರೆ ತಿರುವಿನಾಗೆ ಮಗುಚ್ಕಂತೈತೆ ಕಣಪ್ಪಾ," ಎಂದು ಚಿತ್ತಪ್ಪ ಸೋಮವಾರ ಗ್ಯಾರೇಜಿನಿಂದ ವಾಪಸಾಗುತ್ತಾನೆ. "ಹಿಂಗೇ ಬಿಟ್ರೆ ಹಳ್ಳದಾಗೆ ಸಿಕ್ಕಂತೈತೆ," ಎಂದು ಮಂಗಳವಾರ ಮತ್ತೆ ಹಾಜರಾಗುತ್ತಾನೆ. ಸಂತೆಗೆ ಕುರಿ ತುಂಬುವಾಗ, ಎಲ್ಲವೂ ಒಂದೇ ಕಡೆ ವಾಲಿಬಿಟ್ಟಾವೆಂದು, ಒಂದರ ಮುಖ ಎಡಕ್ಕೆ, ಇನ್ನೊಂದರದು ಬಲಕ್ಕೆ ಮಾಡಿ ನಿಲ್ಲಿಸುತ್ತಾನೆ. ತಿರುವು ಬಂದರೆ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟುಕೊಂಡೇ ಓಡಿಸುತ್ತಾನೆ. ಮಗಳು ಮುದ್ದಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮೇಲಂತೂ ದಿನಕ್ಕೆರಡು ಸಲ ಹಳ್ಳಕ್ಕಿಳಿದು ಆ ಬಂಡೆಯನ್ನು ಗೇಣಿನಲ್ಲಿ ಅಳೆಯುತ್ತಾನೆ. ಆಸ್ಪತ್ರೆಗೆ ಅದನ್ನು ದಾಟಿಯೇ ಹೋಗಬೇಕು. ಅವಳು "ಅಪ್ಪಾ" ಎಂದರೆ ಸಾಕು, ಕೀಲಿಕೈ ಹಿಡಿದು ಗಾಡಿಯತ್ತ ಓಡುತ್ತಾನೆ. ಮೊನ್ನೆ ಮೇಸ್ತ್ರಿ ಸ್ಪ್ಯಾನರ್ ಹುಡುಕುತ್ತ ಸೀಟಿನ ಹಿಂದೆ ಕೈಹಾಕಿದರೆ ಎರಡು ಹೊಸ ಮರದ ಸ್ಟೂಲುಗಳು ಸಿಕ್ಕವು. "ಮುದ್ದಕ್ಕ ಕಾಲಿಟ್ಟು ಹತ್ತಾಕೆ," ಎಂದ ಚಿತ್ತಪ್ಪ, ನೆಲ ನೋಡುತ್ತ. ಒಂದು ಸ್ಟೂಲು ಗಾಡಿಯ ಈಗಿನ ಎತ್ತರಕ್ಕೆ ಒಪ್ಪುವಂತಿತ್ತು. ಇನ್ನೊಂದು ಅದಕ್ಕಿಂತ ಸರಿಯಾಗಿ ನಾಲ್ಕು ಬೆರಳು ಎತ್ತರ.