ಹೊಳೆ ದಾಟಿಸಿದ ಬೆಕ್ಕು

ಮೂವತ್ತು ವರ್ಷದಿಂದ ತೀರ್ಥಹಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ನನಗೆ ಮುಖ ನೋಡಿ ಮನುಷ್ಯರನ್ನು ಅಳೆಯುವ ಕೆಟ್ಟ ಚಾಳಿ. ಬೆಕ್ಕುಗಳನ್ನೂ ಹಾಗೇ ಅಳೆಯಲು ಹೋಗಿ ಮಾಡಿಕೊಂಡ ನಾಚಿಕೆಗೇಡನ್ನು ನಿಮಗೆ ಹೇಳುತ್ತಿದ್ದೇನೆ. ನಗಬೇಡಿ. ನಕ್ಕರೂ ಅರ್ಧಕ್ಕೆ ನಿಲ್ಲಿಸಿ.

ಸಾಗರದಲ್ಲಿದ್ದ ನನ್ನ ಷಡ್ಡಕನಿಗೆ ವರ್ಗವಾಯಿತು. ಹೊಸ ಊರಿನ ಬಾಡಿಗೆ ಮನೆಯವರು ಬೆಕ್ಕು ಕೂಡದು ಎಂದದ್ದರಿಂದ ಅವನ ಪರ್ಷಿಯನ್ ಬೆಕ್ಕು ಬುಟ್ಟಿಯ ಸಮೇತ ನಮ್ಮ ಮನೆಗೆ ಬಂತು. ಹೆಸರು ಪ್ರಿನ್ಸ್. ಕೆನೆಬಣ್ಣದ ಮೈ, ನೆಲ ಗುಡಿಸುವ ಬಾಲ, ತಾಮ್ರದ ಬಣ್ಣದ ದುಂಡು ಕಣ್ಣು. ಮೂಗು ಮಾತ್ರ ಅಂಗಿಯ ಗುಂಡಿಯಷ್ಟು. ಪಕ್ಕದಿಂದ ನೋಡಿದರೆ ಇಲ್ಲವೇ ಇಲ್ಲ. ಆಧಾರ್ ಕಾರ್ಡಿನ ಫೋಟೋದಲ್ಲಿ ನಾವೆಲ್ಲ ಹೇಗೆ ಕಾಣುತ್ತೇವೋ, ಪ್ರಿನ್ಸ್ ಹುಟ್ಟಿನಿಂದಲೇ ಹಾಗೆ ಕಾಣುತ್ತಾನೆ. ಸ್ವಭಾವ ಮಾತ್ರ ಬಹಳ ಸಾಧು. ಕೂರಿಸಿದಲ್ಲಿ ಕೂರುತ್ತಾನೆ, ಕೂಗುವುದಿಲ್ಲ, ಅಟ್ಟ ಹತ್ತುವುದಿಲ್ಲ. ದಿನಾ ಅವನ ಕೂದಲು ಬಾಚಬೇಕು, ನೀರೊಸರುವ ಕಣ್ಣು ಒರೆಸಬೇಕು. ನಾನು ಇಷ್ಟು ಶ್ರದ್ಧೆಯಿಂದ ನಮ್ಮ ಮಗಳ ಜಡೆಯನ್ನೂ ಬಾಚಿದ್ದಿಲ್ಲ ಎಂದು ಹೆಂಡತಿ ಸುಮಾ ಆಡಿಕೊಂಡಳು. ನಾನು ಕೇಳಬೇಕಲ್ಲ? ಸ್ಟುಡಿಯೋಗೆ ಒಯ್ದು, ನೀಲಿ ಪರದೆಯ ಮುಂದೆ ಕೂರಿಸಿ ಫೋಟೋ ತೆಗೆದು, ಗಾಜಿನ ಕಪಾಟಿನಲ್ಲಿಟ್ಟೆ. ಬಂದವರು "ಯಾರ ಮನೇದು ಇದು?" ಎಂದರೆ "ನಮ್ದೇ" ಎನ್ನುವ ಸುಖವೇ ಬೇರೆ.

ಅದೇ ಮನೆಯಲ್ಲಿ ಆರು ವರ್ಷದಿಂದ ಚಿನ್ನಿ ಇದ್ದಳು. ಬೂದಿ ಬಣ್ಣದ, ಎಡಗಿವಿ ಹರಿದ ನಾಡಬೆಕ್ಕು. ಇಲಿ ಹಿಡಿಯುವುದರಲ್ಲಿ ಎತ್ತಿದ ಕೈ. ಆರು ವರ್ಷದಲ್ಲಿ ಅವಳದೊಂದು ಫೋಟೋ ನಾನು ತೆಗೆದಿರಲಿಲ್ಲ. ಒಂದು ದಿನ ತಟ್ಟೆಯ ತಂಟೆಯಲ್ಲಿ ಪ್ರಿನ್ಸನ ಮೂಗಿನ ಮೇಲೆ ಉಗುರಿನಿಂದ ಗೆರೆ ಎಳೆದಳು. ಅದು ನನ್ನ ಮೂಗಿಗೇ ತಾಗಿದಂತಾಯಿತು.

ಬೆಕ್ಕು ಕೊಂದರೆ ಕಾಶಿಗೆ ಹೋಗಿ ಬಂಗಾರದ ಬೆಕ್ಕು ದಾನ ಮಾಡಬೇಕು ಎನ್ನುತ್ತಾರೆ. ಬಿಟ್ಟು ಬಂದರೆ ಏನು ದಾನ ಮಾಡಬೇಕೆಂದು ಯಾರೂ ಹೇಳಿಲ್ಲ. ಹಿರಿಯರು ಬಿಟ್ಟ ಈ ಸಂದಿಯಲ್ಲೇ ಹೊಳೆ ದಾಟಿಸುವ ಪದ್ಧತಿ ಹುಟ್ಟಿರಬೇಕು: ಬೇಡದ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟರೆ ಅದಕ್ಕೆ ದಾರಿ ಮರೆಯುತ್ತದಂತೆ. ಸುಮಾ ಹೊಸನಗರದ ತವರಿಗೆ ಹೋಗಿದ್ದ ಒಂದು ಬೆಳಿಗ್ಗೆ, ಒಣಮೀನಿನ ಆಸೆ ತೋರಿಸಿ ಚಿನ್ನಿಯನ್ನು ಚೀಲಕ್ಕೆ ಹಾಕಿದೆ. ಸ್ಕೂಟರಿನಲ್ಲಿ ತುಂಗಾ ಸೇತುವೆ ದಾಟಿ, ಚೀಲದ ಬಾಯಿ ಬಿಚ್ಚಿ, ತಿರುಗಿ ನೋಡದೆ ಬಂದೆ.

"ಹೊಸದು ಬಂತು ಅಂತ ಮುನಿಸ್ಕೊಂಡು ಹೋಯ್ತೇನೋ. ನಾನೇ ಸರಿಯಾಗಿ ನೋಡ್ಕೊಳ್ಲಿಲ್ಲ," ಎಂದು ಊರಿಂದ ಬಂದ ಸುಮಾ ಕಣ್ಣೊರೆಸಿಕೊಂಡಳು.

"ಇರ್ಬಹುದು," ಎಂದೆ.

ಹದಿನೈದು ದಿನ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಹಾಲಿಟ್ಟು ಕಾದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ ಎಂಬ ಗಾದೆ ಕಟ್ಟಿದವನು ನನ್ನಂಥವನೇ ಇರಬೇಕು. ತನ್ನ ಚಾಳಿಯನ್ನು ಬೆಕ್ಕಿನ ತಲೆಗೆ ಕಟ್ಟಿದ. ಅಷ್ಟರಲ್ಲಿ ಅಡುಗೆಮನೆಗೆ ಇಲಿ ಬಂತು. ಪ್ರಿನ್ಸ್ ಸ್ವಲ್ಪ ಸರಿದು ಅದಕ್ಕೆ ದಾರಿ ಬಿಟ್ಟು ಕೂತ.

ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಮೋಟಾರು ಕೆಟ್ಟ ದಿನ, ಗೋಧಿಯ ಡಬ್ಬ ಹಿಡಿದು ಸೇತುವೆಯಾಚೆಯ ಮಂಜಣ್ಣನವರ ಗಿರಣಿಗೆ ಹೋದೆ. ತಕ್ಕಡಿಯ ಪಕ್ಕ ಒಂದು ಬೆಕ್ಕು ಕೂತಿತ್ತು. ಮೈಮೇಲೆಲ್ಲ ಹಿಟ್ಟು ಬಿದ್ದು ಥೇಟ್ ಪ್ರಿನ್ಸನ ಬಣ್ಣ. ಎಡಗಿವಿ ಮಾತ್ರ ಹರಿದಿತ್ತು: ಚಿನ್ನಿ.

"ಯಾವನೋ ಪಾಪಿ ಬಿಟ್ಟು ಹೋಗಿದಾನೆ ಮಾರಾಯ್ರೆ," ಎಂದರು ಮಂಜಣ್ಣ. "ಈಗ ಗಿರಣೀಲಿ ಒಂದು ಇಲಿ ಇಲ್ಲ. ಆದ್ರೆ ಗೋಣಿಚೀಲ ಕಂಡ್ರೆ ಸಾಕು, ಓಡಿ ಅಟ್ಟ ಹತ್ತುತ್ತೆ. ಗಿರಣೀಗೆ ಚೀಲ ಇಲ್ದೆ ಬರೋರು ಯಾರು, ಹೇಳಿ?"

"ಎಂಥೆಂಥ ಜನ ಇರ್ತಾರಪ್ಪ!" ಎಂದೆ. ಹೌದು, ನಾನೇ ಹಾಗೆಂದೆ.

ಚಿನ್ನಿ ಎದ್ದು ಬಂದು ನನ್ನ ಕಾಲಿಗೆ ಮೈ ಉಜ್ಜತೊಡಗಿದಳು. ಮಂಜಣ್ಣನವರಿಗೆ ಆಶ್ಚರ್ಯ. "ಯಾರ ಹತ್ರಾನೂ ಹೋಗಲ್ಲ ಅದು! ಒಳ್ಳೇ ಮನುಷ್ಯರು ಯಾರು ಅಂತ ಪ್ರಾಣಿಗೆ ಗೊತ್ತಾಗುತ್ತೆ ಸಾರ್. ನೀವೇ ಒಂದು ಹೆಸರಿಡಿ ಇದಕ್ಕೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಯಾವುದಾದರೂ ಸುಳ್ಳು ಹೆಸರು ಹೇಳಬಹುದಿತ್ತು. ಆದರೆ ಅವಳಿಂದ ಕಿತ್ತುಕೊಂಡದ್ದರಲ್ಲಿ ನಾನು ವಾಪಸು ಕೊಡಬಹುದಾಗಿದ್ದುದು ಅವಳ ಹೆಸರೊಂದೇ. "ಚಿನ್ನಿ," ಎಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿ "ಮ್ಯಾಂವ್" ಎಂದಳು.

ಮಂಜಣ್ಣ ಗಿರಣಿ ನಿಲ್ಲಿಸಿದರು. ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬಿಸಿ ಹಿಟ್ಟು ತುಂಬಿ, ಡಬ್ಬದ ಮುಚ್ಚಳ ಹಾಕಿ ಕೊಡುವಾಗ ಮೆಲ್ಲಗೆ ಹೇಳಿದರು: "ಇನ್ನೊಂದನ್ನ ಬಿಡೋದಾದ್ರೆ ಸೀದಾ ಇಲ್ಲಿಗೇ ತನ್ನಿ ಸಾರ್. ಚೀಲ ಬೇಡ, ಎತ್ಕೊಂಡೇ ಬನ್ನಿ."

ಮನೆಗೆ ಬಂದರೆ, ಇಲಿಗೂ ಏಳದ ಪ್ರಿನ್ಸ್ ಎದ್ದು ಬಂದ. ಇಲ್ಲವೇ ಇಲ್ಲವೆಂದು ನಾನು ನಕ್ಕಿದ್ದ ಆ ಮೂಗಿನಿಂದ ನನ್ನ ಪ್ಯಾಂಟಿನ ಅಂಚು ಮೂಸಿ, ಮೈಗೂದಲನ್ನೆಲ್ಲ ನಿಮಿರಿಸಿ ಬುಸ್ಸೆಂದ.

"ಏನಾಯ್ತ್ರೀ ಇದಕ್ಕೆ?" ಎಂದಳು ಸುಮಾ.

ಡಬ್ಬ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಮುಗಿಯುವವರೆಗೂ ಅವಳು ನನ್ನನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ಊರಿಗೆಲ್ಲ "ಮುಖ ಸ್ವಲ್ಪ ಮೇಲೆತ್ತಿ, ಇಲ್ಲಿ ನೋಡಿ" ಎನ್ನುತ್ತ ಬಂದವನಿಗೆ ತನ್ನ ಮುಖ ಎತ್ತಲಾಗಲಿಲ್ಲ.