ಹುಣಸೆಹುಳಿ ತಿಕ್ಕಿದ ನಾಣ್ಯ

ಗಲ್ಫ್‌ನ ಉಮ್ಮ್ ಸಲಾಲ್ ಊರಿನ ಆ ದೊಡ್ಡ ಮನೆಯಲ್ಲಿ ಉಳಿದ ಕೆಲಸದವರೆಲ್ಲ ಅಡುಗೆಮನೆಯಲ್ಲಿ ಕೂತು ಉಣ್ಣುತ್ತಿದ್ದರು. ಯತಿರಾಜ್ ಮಾತ್ರ ಡಬ್ಬಿ ಹಿಡಿದು ನಾಣ್ಯಗಳ ಕೋಣೆಗೆ ಬರುತ್ತಿದ್ದ. ಒಂದು ಕಂಚಿನ ನಾಣ್ಯವನ್ನು ಟ್ರೇಯಿಂದ ತೆಗೆದು ಎದುರಿಗಿಟ್ಟುಕೊಂಡು ಊಟಕ್ಕೆ ಕೂರುತ್ತಿದ್ದ.

ಕಾರ್ಕಳದವನು, ಐವತ್ತು ದಾಟಿದೆ, ಮದುವೆಯಾಗಿಲ್ಲ. ಫೋನ್ ಮಾಡಲು ಊರಿನಲ್ಲಿ ಈಗ ಯಾರೂ ಇಲ್ಲ. ಧಣಿ ಬೂ ನಾಸರ್ ಕೂಡಿಟ್ಟ ರೋಮನ್ ಕಾಲದ ನಾಣ್ಯಗಳ ಧೂಳು ಒರೆಸಿ, ಫೋಟೊ ತೆಗೆದು, ಬೀಗ ಹಾಕುವುದು ಅವನ ಕೆಲಸವಾಗಿತ್ತು. ಎಲ್ಲವೂ ದೂರದ ಪ್ರಾಂತಗಳಲ್ಲಿ ಟಂಕಿಸಿದವು. ಒಂದೊಂದು ಊರು ತನಗೆ ಬೇಕಾದ ಪುರಾಣವನ್ನು ಅಚ್ಚು ಹಾಕಿಸಿತ್ತು. ಅವನ ಪ್ರೀತಿಯದು ಅಬಿಡೋಸ್ ಎಂಬ ಕಡಲ ದಂಡೆಯ ಊರಿನದು. ಗೋಪುರದಲ್ಲಿ ದೀಪ ಹಿಡಿದು ನಿಂತ ಹೆಂಗಸು, ಕೆಳಗೆ ಅವಳತ್ತ ಈಜುತ್ತಿರುವ ಗಂಡಸು. ಗಾಳಿಗೆ ದೀಪ ಆರಿ ಅವನು ಮುಳುಗಿದ ಕಥೆಯನ್ನು ಧಣಿಯೇ ಹೇಳಿದ್ದರು. ಅವಳ ಮುಖಕ್ಕೆ ಮಾತ್ರ ಹಸಿರು ಕಿಲುಬು ಕವಿದಿತ್ತು.

ಗುರುವಾರ ನಾಣ್ಯ ನೋಡಲು ಅತಿಥಿಗಳು ಬರುವವರಿದ್ದರು. ಹಬ್ಬದ ಮುಂಚೆ ಮನೆಯ ದೀಪಗಳನ್ನು ಹುಣಸೆಹುಳಿ ಹಾಕಿ ಬೆಳಗಿ ಬೆಳೆದವನು ಯತಿರಾಜ್. ಬುಧವಾರ ಅಡುಗೆಮನೆಯಿಂದ ಒಂದು ಹಿಡಿ ಹುಳಿ ತಂದು ಆ ನಾಣ್ಯವನ್ನು ತಿಕ್ಕಿದ. ಕಿಲುಬು ಪದರ ಪದರವಾಗಿ ಎದ್ದು ಬಂತು. ಅದರ ಜೊತೆಗೇ ಮುಖವೂ ಕಿತ್ತು ಬಂತು, ದೀಪವೂ ಕಿತ್ತು ಬಂತು. ಉಳಿದದ್ದು ತಾಮ್ರದ ಬಣ್ಣದ ಬೋಳು ಬಿಲ್ಲೆ, ಅದರ ಅಂಚಿನಲ್ಲಿ ಈಜುವವನ ಒಂದು ತೋಳು.

ಒಳಗೆ ಬಂದ ಡ್ರೈವರ್, ಬಂಟ್ವಾಳದ ಶರೀಫ್ ಬಗ್ಗಿ ನೋಡಿದ.

“ಯತಿಯಣ್ಣ, ಇದೇನು ನಿಮ್ಮ ಮನೆಯ ಕಾಲುದೀಪವಾ ಮಾರಾಯ್ರೆ?”

“ಹೊಳೆದ್ರೆ ಚಂದ ಕಾಣ್ತದೆ ಅಂತ...”

“ಹೊಳೀತಾ ಉಂಟಲ್ಲ! ಹೆಂಗಸು ಎಲ್ಲಿ?”

ಯತಿರಾಜ್ ಬಿಲ್ಲೆಯನ್ನು ಓರೆಯಾಗಿಸಿ ಬೆಳಕಿಗೆ ಹಿಡಿದ.

“ಹಿಂದಿನ ಟ್ರೇಗೆ ತಳ್ಳಿಬಿಡಿ. ಇಷ್ಟರಲ್ಲಿ ಒಂದನ್ನು ಯಾರು ಹುಡುಕ್ತಾರೆ? ಬಾಯಿ ಬಿಟ್ರೆ ಈ ಕೋಣೆ ನಿಮಗೆ ಖಲಾಸ್.”

“ಅವರು ಹುಡುಕದಿದ್ರೂ ನಾನು ದಿನಾ ನೋಡ್ಬೇಕಲ್ಲ ಶರೀಫ್.”

ಸಂಜೆ ಧಣಿ ಕೂರುವ ಮಜ್ಲಿಸ್‌ಗೆ, ಆ ಬೈಠಕ್ ಕೋಣೆಗೆ ಹೋಗಿ, ತನಗೆ ಬರುವಷ್ಟು ಹಿಂದಿಯಲ್ಲಿ ಎಲ್ಲ ಹೇಳಿದ. ಬೂ ನಾಸರ್ ಬೈಯಲಿಲ್ಲ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ನಂತರ ನಾಣ್ಯವನ್ನು ಜೇಬಿಗೆ ಹಾಕಿಕೊಂಡು, ಕೋಣೆಯ ಕೀಲಿಕೈಗಾಗಿ ಅವನತ್ತ ಕೈ ಚಾಚಿದರು.

“ಗಾರ್ಡನ್‌ನಲ್ಲಿ ಜನ ಕಮ್ಮಿ ಇದ್ದಾರೆ, ಯತಿ,” ಎಂದರು.

ಭಾನುವಾರದಿಂದ ಅವನು ಖರ್ಜೂರದ ಮರಗಳಿಗೆ ನೀರು ಬಿಡುತ್ತಾನೆ.