ಮಂಗನ ಮೆದುಳಿಗೊಂದು ಹೊಸ ಬಣ್ಣ

ಅಥಣಿಯಲ್ಲಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತ ಮೇಲೆ ನನಗೆ ಸಿಕ್ಕ ಕೆಲಸ ಮಂಗನ ಮೆದುಳಿನದು. ಚಿಕ್ಕೋಡಿಯಲ್ಲಿ ಔಷಧ ಅಂಗಡಿಯ ಮೇಲಿನ ಮಹಡಿಯಲ್ಲಿ ನಾವು ಎಂಟು ಹುಡುಗಿಯರು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆವು. ದೂರದ ಪ್ರಯೋಗಾಲಯವೊಂದು ಮೆದುಳನ್ನು ಕೂದಲಿಗಿಂತ ತೆಳ್ಳಗೆ ಸೀಳಿ ತೆಗೆದ ಚಿತ್ರಗಳನ್ನು ಕಳಿಸುತ್ತಿತ್ತು. ಯಾವ ಕೋಶ ಯಾವ ಬಗೆಯದೆಂದು ಕಂಪ್ಯೂಟರ್ ಊಹಿಸಿ ಬಗೆಗೊಂದು ಬಣ್ಣ ಹಚ್ಚುತ್ತಿತ್ತು. ತಪ್ಪಿದ್ದಲ್ಲಿ ನಾವು ತಿದ್ದಬೇಕು. ಹಾಗೆ ಕೋಶ ಕೋಶ ಸೇರಿ ಇಡೀ ಮೆದುಳಿನ ನಕ್ಷೆ ಆಗಬೇಕಿತ್ತು.

ನಮ್ಮೂರು ಶಿರಗುಪ್ಪಿಯಲ್ಲಿ ಕಬ್ಬಿನ ಕಳೆ ತೆಗೆಯುವ ಅವ್ವ ಕೇಳಿ ನಕ್ಕಳು. "ಮಂಗ್ಯಾನ ತಲ್ಯಾಗ ಏನೈತಿ ಅಂತ ನೋಡಾಕ ಇಷ್ಟ ಓದಿದೇನ್ ನೀ?"

ನಾಲ್ಕನೆಯ ತಿಂಗಳು ಒಂದು ವಿಚಿತ್ರ ಕಂಡೆ. ಕಂಪ್ಯೂಟರ್ ನೀಲಿ ಹಚ್ಚಿದ್ದ ಕೋಶಗಳಲ್ಲಿ ಕೆಲವು ಸಣಕಲಾಗಿ, ಮೆದುಳಿನ ಒಂದೇ ಪದರದ ತಳದಲ್ಲಿ ಸಾಲುಗಟ್ಟಿ ನಿಂತಿದ್ದವು. ಮೇಲ್ವಿಚಾರಕರನ್ನು ಕರೆದೆ.

"ಇವು ಬ್ಯಾರೆ ಅದಾವ್ರಿ ಸರ್."

"ಪ್ರೋಗ್ರಾಮ್ ನೀಲಿ ಅಂದ್ರ ನೀಲಿ. ಮುಂದ ನಡೀರಿ."

ಮನಸ್ಸು ಒಪ್ಪಲಿಲ್ಲ. ಊಟದ ಬಿಡುವಿನಲ್ಲಿ ಹಳೆಯ ಚಿತ್ರಗಳನ್ನೆಲ್ಲ ತೆರೆದು, ಅಂಥ ಕೋಶ ಎಲ್ಲೆಲ್ಲಿ ಇವೆಯೆಂದು ನೋಟ್‌ಬುಕ್ಕಿನಲ್ಲಿ ಬರೆದೆ. ವಾರದ ನಂತರ ಅದನ್ನು ಮೇಲ್ವಿಚಾರಕರ ಮೇಜಿನ ಮೇಲಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಎರಡು ಸಲ ಓದಿ, "ಪ್ರಯೋಗಾಲಯಕ್ಕ ಕಳಸೂಣು" ಎಂದರು.

ಪ್ರಯೋಗಾಲಯದ ವಿಜ್ಞಾನಿಯೊಬ್ಬರು ವಿಡಿಯೋ ಕರೆ ಮಾಡಿದರು. ಮಾತಾಡುವಷ್ಟು ಇಂಗ್ಲಿಷು ನನಗೆ ಬರುತ್ತಿರಲಿಲ್ಲ. ಮಾತು ಬಿಟ್ಟು ಮೌಸ್ ಹಿಡಿದೆ. ಒಂದೊಂದೇ ಚಿತ್ರ ತೆರೆದು ಆ ಕೋಶಗಳ ಸುತ್ತ ವೃತ್ತ ಎಳೆಯುತ್ತ ಹೋದೆ. ಹನ್ನೊಂದನೆಯ ಚಿತ್ರಕ್ಕೆ ಆಕೆ ಕನ್ನಡಕ ತೆಗೆದು ಸ್ಕ್ರೀನಿಗೆ ಮುಖ ಹಚ್ಚಿದರು. ಇನ್ನೊಂದು ಮಂಗನ ಮೆದುಳಿನಲ್ಲೂ ಇವೆಯೇ ನೋಡುತ್ತೇವೆ ಎಂದರು.

ಇಪ್ಪತ್ತು ದಿನ ಸುದ್ದಿಯಿಲ್ಲ. ನಾನೇ ತಪ್ಪಿದೆನೇನೋ ಎಂದು ಅನ್ನ ಸೇರುತ್ತಿರಲಿಲ್ಲ. ಆಮೇಲೆ ಒಂದು ಮುಂಜಾನೆ ಮೇಲ್ವಿಚಾರಕರು ಮೆಟ್ಟಿಲ ಮೇಲಿಂದಲೇ ಕೂಗಿದರು: "ಆ ಮಂಗ್ಯಾನ ತಲ್ಯಾಗೂ ಅದಾವಂತ್ರಿ! ನಿಮ್ಮದ ಖರೆ, ನಂದ ತಪ್ಪು!"

ಗೆಳತಿಯರು ಮೇಜು ಬಡಿದರು. ಒಬ್ಬಳು ಓಡಿಹೋಗಿ ಪೇಢೆ ತಂದಳು. ನಕ್ಷೆಯಲ್ಲಿ ಹೊಸ ಬಗೆಗೆ ಯಾವ ಬಣ್ಣ ಇಡೋಣ ಎಂದು ಪ್ರಯೋಗಾಲಯದವರು ನನ್ನನ್ನೇ ಕೇಳಿದ್ದರು. ಅರಿಶಿನದ ಹಳದಿ ಎಂದೆ.

ನಕ್ಷೆಯ ಹಾಳೆಯೊಂದನ್ನು ಮುದ್ರಿಸಿ ಮನೆಗೆ ಒಯ್ದೆ. ಅವ್ವ ಕೈ ಒರೆಸಿಕೊಂಡು ಹಿಡಿದಳು.

"ಈ ಹಳದಿ ನೀ ಹುಡುಕಿದ್ದ?"

"ಹೌದಬೇ. ಮೊದಲ ಯಾರೂ ಗುರ್ತ ಹಿಡಿದಿದ್ದಿಲ್ಲ."

ಮರುದಿನ ಆ ಹಾಳೆ ಅವ್ವನ ಬುತ್ತಿಯ ಜೊತೆ ಹೊಲಕ್ಕೆ ಹೋಯಿತು. ಸಂಜೆ ಅಂಚಿನ ತುಂಬ ಮಣ್ಣಿನ ಬೆರಳಚ್ಚು ಹೊತ್ತು ಬಂತು. ಕಳೆ ತೆಗೆಯುವ ಹೆಂಗಸರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದ್ದರಂತೆ.